ಸೂಪರ್‌ವಿಷನ್: ಯಾರ ಮೇಲೆ ಯಾರ ಕಣ್ಣು?

ಆಪ್ತಸಮಾಲೋಚಕರಿಗೆಂದು ಏರ್ಪಡಿಸಿದ್ದ ತರಬೇತಿಯೊಂದರ ಕನ್ನಡ ಕರಪತ್ರ ಮೊನ್ನೆ ಕೈಗೆ ಬಂತು. ಈಟಿಂಗ್ ಡಿಸಾರ್ಡರ್, ಅಂದರೆ ಊಟ ಮತ್ತು ತೂಕದ ಸುತ್ತ ಬೆಳೆಯುವ ಮಾನಸಿಕ ಕಾಯಿಲೆ, ಇರುವವರಿಗೆ ಚಿಕಿತ್ಸೆ ಕೊಡುವವರು ತಮ್ಮ ಕೆಲಸಕ್ಕೆ ಪಡೆಯಬೇಕಾದ ಸೂಪರ್‌ವಿಷನ್ ಅದರ ವಿಷಯ. ಅಚ್ಚಾಗಿದ್ದದ್ದು ಮಾತ್ರ ‘ರೋಗಿಗಳ ಆಹಾರ ಸೇವನೆಯ ಮೇಲ್ವಿಚಾರಣೆ’ ಎಂದು. ಚಿಕಿತ್ಸಕರ ಕೆಲಸವನ್ನು ನೋಡಬೇಕಾದ ಕಣ್ಣು ಸೀದಾ ರೋಗಿಯ ತಟ್ಟೆಯ ಮೇಲೆ ಬಿದ್ದಿತ್ತು. ಇದೊಂದೇ ಆಗಿದ್ದರೆ ಮುದ್ರಣಾಲಯದ ಅವಸರವೆಂದು ಬಿಡಬಹುದಿತ್ತು. ಆದರೆ ‘ಹಿರಿಯ ತಜ್ಞರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ’ ಎಂದು ಫಲಕ ಹಾಕಿಕೊಂಡ ಕಡೆ ಆ ಹಿರಿಯರು ಆಯುಧಪೂಜೆಗೆ ಬಂದು ಹೋದರೆ ಹೆಚ್ಚು. ಸ್ವಯಂಸೇವಾ ಸಂಸ್ಥೆಗಳಲ್ಲಿ ತಿಂಗಳ ಕೊನೆಗೆ ಕಡತ ಎಣಿಸುವ ಸಭೆಗೂ ಇದೇ ಹೆಸರು. ಪದವೊಂದನ್ನು ಇಷ್ಟು ಜನ ಇಷ್ಟು ದಿಕ್ಕಿಗೆ ಎಳೆದಾಡುತ್ತಿರುವಾಗ ಸುಮ್ಮನಿರುವುದು ಕಷ್ಟ.

ಮಾನಸಿಕ ಚಿಕಿತ್ಸೆಯಲ್ಲಿ ಸೂಪರ್‌ವಿಷನ್ ಎಂದರೆ, ಚಿಕಿತ್ಸಕಿಯೊಬ್ಬರು ತಾವು ನಡೆಸುತ್ತಿರುವ ಚಿಕಿತ್ಸೆಯನ್ನು ಅದೇ ಕೆಲಸದಲ್ಲಿ ಪಳಗಿದ ಇನ್ನೊಬ್ಬರ ಮುಂದೆ ನಿಯಮಿತವಾಗಿ ತೆರೆದಿಟ್ಟು ಪರಿಶೀಲಿಸಿಕೊಳ್ಳುವುದು. ಚಿಕಿತ್ಸೆ ಪಡೆಯುವವರು ಆ ಕೋಣೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇರುವುದು ಅವರ ಕುರಿತ ಮಾತು, ಕೆಲವೊಮ್ಮೆ ಅವರ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣ, ಜೊತೆಗೆ ಚಿಕಿತ್ಸಕಿ ಹೇಳಿದ್ದು ಮತ್ತು ಹೇಳದೆ ಉಳಿಸಿಕೊಂಡದ್ದು. ಬ್ರಿಟನ್ನಿನ ಆಪ್ತಸಮಾಲೋಚಕಿ ಬ್ರಿಜಿಡ್ ಪ್ರಾಕ್ಟರ್ 1980ರ ದಶಕದಲ್ಲಿ ಇದಕ್ಕೆ ಮೂರು ಕೆಲಸಗಳಿವೆ ಎಂದರು: ಚಿಕಿತ್ಸೆ ವೃತ್ತಿಯ ನಿಯಮದೊಳಗೆ ನಡೆಯುತ್ತಿದೆಯೇ ಎಂದು ನೋಡುವುದು, ಚಿಕಿತ್ಸಕರ ಕೌಶಲ ಬೆಳೆಸುವುದು, ದಣಿದ ಚಿಕಿತ್ಸಕರನ್ನು ಚೇತರಿಸುವುದು. ನಮ್ಮಲ್ಲಿ ಮೊದಲನೆಯದನ್ನು ಎಲ್ಲರೂ ಬಲ್ಲರು, ಎರಡನೆಯದನ್ನು ತರಬೇತಿಯ ದಿನಗಳಿಗೆ ಮೀಸಲಿಡುತ್ತಾರೆ, ಮೂರನೆಯದನ್ನು ಕೇಳಿದರೆ ‘ಕಾಫಿ ಕುಡಿಯೋಣ ಬನ್ನಿ’ ಎನ್ನುತ್ತಾರೆ.

ತಪ್ಪು ಪೂರ್ತಿ ಜನರದ್ದಲ್ಲ, ‘ಮೇಲ್ವಿಚಾರಣೆ’ ಎಂಬ ಪದದ ಪಾಲೂ ಇದೆ. ಮೇಲ್ವಿಚಾರಕ ಎಂದೊಡನೆ ನಮಗೆ ನೆನಪಾಗುವುದು ಪರೀಕ್ಷಾ ಕೊಠಡಿಯಲ್ಲಿ ಬೆಂಚುಗಳ ನಡುವೆ ಸುಳಿದಾಡುವವರು, ವಿದ್ಯಾರ್ಥಿನಿಲಯದ ಬಾಗಿಲಲ್ಲಿ ಗಡಿಯಾರ ನೋಡುವವರು. ಸೂಪರ್‌ವೈಸರ್ ಎಂದರೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಗಂಟೆಗೆ ಎಷ್ಟು ಪೀಸ್ ಆಯಿತೆಂದು ಕೇಳುವವರು. ಇವರೆಲ್ಲರೂ ನಿಂತಿರುತ್ತಾರೆ, ಕೆಲಸ ಮಾಡುವವರು ಕುಳಿತಿರುತ್ತಾರೆ. ಚಿಕಿತ್ಸಕರ ಸೂಪರ್‌ವಿಷನ್‌ನಲ್ಲಿ ಇಬ್ಬರೂ ಕುಳಿತಿರುತ್ತಾರೆ.

ಹಾಗೆ ನೋಡಿದರೆ ‘ವಿಚಾರಣೆ’ ಇಷ್ಟು ಬಿಗಿಮುಖದ ಪದವೇನೂ ಆಗಿರಲಿಲ್ಲ. ಸಂಸ್ಕೃತದ ‘ಚರ್’ ಧಾತುವಿಗೆ ‘ವಿ’ ಸೇರಿದರೆ ಅತ್ತಿತ್ತ ಸಂಚರಿಸುವುದು. ಮನಸ್ಸು ಒಂದು ಸಂಗತಿಯ ಸುತ್ತ ಹಾಗೆ ಸಂಚರಿಸಿದರೆ ವಿಚಾರ. ಕನ್ನಡದಲ್ಲಿ ನಾವು ಯೋಗಕ್ಷೇಮ ವಿಚಾರಿಸುತ್ತೇವೆ. ನೆಂಟರು ಚೆನ್ನಾಗಿ ವಿಚಾರಿಸಿಕೊಂಡರು ಎಂದರೆ ಊಟ ಉಪಚಾರ ಜೋರಾಗಿತ್ತು ಎಂದರ್ಥ. ಅದೇ ಕ್ರಿಯಾಪದ ‘ಅವನನ್ನು ವಿಚಾರಿಸಿಕೊಳ್ಳುತ್ತೇನೆ’ ಎಂಬಲ್ಲಿ ತೋಳು ಮಡಿಸುತ್ತದೆ. ನ್ಯಾಯಾಲಯ, ಪೊಲೀಸ್ ಠಾಣೆ, ಇಲಾಖಾ ವಿಚಾರಣೆ ಎಲ್ಲ ಸೇರಿ ಎರಡನೆಯ ಅರ್ಥವನ್ನೇ ಗಟ್ಟಿ ಮಾಡಿದವು. ಅದರ ತಲೆಯ ಮೇಲೆ ‘ಮೇಲ್’ ಹತ್ತಿ ಕುಳಿತ ಬಳಿಕ ಉಪಚಾರದ ಅರ್ಥ ಕಾಣದಾಯಿತು.

ಇಂಗ್ಲಿಷಿನದೂ ಇದೇ ಕಥೆ. ಲ್ಯಾಟಿನ್ನಿನ ‘ಸೂಪರ್’ ಎಂದರೆ ಮೇಲೆ, ‘ವಿದೇರೆ’ ಎಂದರೆ ನೋಡು. ಮೇಲಿನಿಂದ ನೋಡುವುದು ಎಂಬ ಅರ್ಥ ಹುಟ್ಟಿನಿಂದಲೇ ಇದೆ. ಆದರೆ 16ನೇ ಶತಮಾನದ ಕೊನೆಯ ಇಂಗ್ಲಿಷಿನಲ್ಲಿ ‘ಸೂಪರ್‌ವೈಸ್’ ಎಂಬುದಕ್ಕೆ ಬರಹವೊಂದರ ಮೇಲೆ ಕಣ್ಣಾಡಿಸುವುದು, ಓದಿ ನೋಡುವುದು ಎಂಬ ಅರ್ಥವೂ ಇತ್ತು. ಚಿಕಿತ್ಸಕರ ಮಟ್ಟಿಗೆ ಆ ಸತ್ತ ಅರ್ಥವೇ ಹತ್ತಿರದ್ದು.

ಇನ್ನೂ ಹತ್ತಿರದ್ದು ಜರ್ಮನ್ನಿನದು. 1920ರಲ್ಲಿ ಬರ್ಲಿನ್ನಿನಲ್ಲಿ ಮಾಕ್ಸ್ ಐಟಿಂಗೋನ್ ಮತ್ತು ಸಂಗಡಿಗರು ಮನೋವಿಶ್ಲೇಷಣೆಯ ಚಿಕಿತ್ಸಾಲಯವೊಂದನ್ನು ತೆರೆದರು. ಅಲ್ಲಿ ಕಲಿಯುವವರು ನಿಜವಾದ ರೋಗಿಗಳಿಗೆ ಚಿಕಿತ್ಸೆ ಕೊಟ್ಟು, ಅದನ್ನು ಹಿರಿಯರೊಂದಿಗೆ ಚರ್ಚಿಸಬೇಕಿತ್ತು. ಈ ಕ್ರಮಕ್ಕೆ ಬಿದ್ದ ಹೆಸರು ‘ಕೊಂಟ್ರೋಲ್ ಅನಾಲಿಸೆ’. ಇದನ್ನು ಕೇಳಿ ಹಿಡಿತ, ಅಂಕುಶ ಎಂದುಕೊಳ್ಳುವುದು ಬೇಡ. ಜರ್ಮನ್ನಿನಲ್ಲಿ ಅದು ತಾಳೆ ನೋಡುವುದು. ಪದದ ಬೇರು ಹಳೆಯ ಫ್ರೆಂಚಿನ ‘ಕೊಂತ್ರ್’ ಮತ್ತು ‘ರೋಲ್’: ಮೂಲ ಲೆಕ್ಕದ ಸುರುಳಿಗೆ ಎದುರಾಗಿ ಇನ್ನೊಬ್ಬರು ಇಡುತ್ತಿದ್ದ ಎರಡನೆಯ ಸುರುಳಿ. ಎರಡನ್ನೂ ಪಕ್ಕಪಕ್ಕದಲ್ಲಿ ಬಿಚ್ಚಿದಾಗ ಎಲ್ಲಿ ಹೊಂದುವುದಿಲ್ಲ ಎಂದು ತಿಳಿಯುತ್ತಿತ್ತು. ಎರಡನೆಯ ಲೆಕ್ಕ ಬರೆಯುವವನು ಮೊದಲನೆಯವನ ಯಜಮಾನನಾಗಿರಬೇಕಿಲ್ಲ; ಬೇರೆ ಕುರ್ಚಿಯಲ್ಲಿ ಕುಳಿತಿದ್ದರೆ ಸಾಕು. ಸೂಪರ್‌ವಿಷನ್‌ಗೆ ಇದಕ್ಕಿಂತ ನಿಖರವಾದ ವಿವರಣೆ ನನಗೆ ಸಿಕ್ಕಿಲ್ಲ.

ಕನ್ನಡಕ್ಕೆ ಏನೆನ್ನಬೇಕು? ಉಸ್ತುವಾರಿ ಎಂದರೆ ಜಿಲ್ಲಾ ಮಂತ್ರಿ ಬಂದು ನಿಲ್ಲುತ್ತಾರೆ. ಮಾರ್ಗದರ್ಶನ ಎಂದರೆ ಪಿಎಚ್‌ಡಿ. ಸಮಾಲೋಚನೆ ಎಂದರೆ ಕೌನ್ಸೆಲಿಂಗ್ ಜೊತೆ ಕಲಸಿಹೋಗುತ್ತದೆ. ಆಪರೇಷನ್, ಸ್ಕ್ಯಾನಿಂಗ್ ಅರಗಿಸಿಕೊಂಡ ಭಾಷೆ ಸೂಪರ್‌ವಿಷನ್ ಎಂಬುದನ್ನೂ ಹಾಗೆಯೇ ಇಟ್ಟುಕೊಳ್ಳಬಹುದು, ನಷ್ಟವೇನಿಲ್ಲ. ಮೇಲ್ವಿಚಾರಣೆಯನ್ನು ಪರೀಕ್ಷಾ ಕೊಠಡಿಗೆ ಬಿಟ್ಟುಕೊಡೋಣ.

ಈಗ ತಟ್ಟೆಯ ವಿಷಯ. ಈಟಿಂಗ್ ಡಿಸಾರ್ಡರ್ ಚಿಕಿತ್ಸೆಯಲ್ಲಿ ಊಟದ ಹೊತ್ತಿಗೆ ಜೊತೆಗೆ ಕೂರುವುದು, ಊಟವಾದ ಮೇಲೆ ಸ್ವಲ್ಪ ಹೊತ್ತು ಒಬ್ಬರನ್ನೇ ಬಿಡದಿರುವುದು ನಿಜಕ್ಕೂ ಇದೆ. ತಿಂದದ್ದನ್ನು ಬಚ್ಚಲಿಗೆ ಹೋಗಿ ವಾಂತಿ ಮಾಡುವ, ಚಪಾತಿಯನ್ನು ಕರವಸ್ತ್ರದಲ್ಲಿ ಸುತ್ತಿಡುವ ಸಾಧ್ಯತೆ ಇರುವುದರಿಂದ ಅದು ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೂ ಸೂಪರ್‌ವಿಷನ್ ಎನ್ನುವುದುಂಟು. ಕರಪತ್ರದವರು ಎಡವಿದ್ದು ಅಲ್ಲೇ. ಕನ್ನಡದಲ್ಲಿ ‘ಊಟದ ನಿಗಾ’ ಎಂದರೆ ಗೊಂದಲ ಮುಗಿಯಿತು.

ಎರಡೂ ಒಂದೇ ಕಡೆ ಎದುರಾಗುವ ಉದಾಹರಣೆಯೆಂದರೆ ಕುಟುಂಬ ಆಧಾರಿತ ಚಿಕಿತ್ಸೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದ ಈ ಕ್ರಮವನ್ನು ಜೇಮ್ಸ್ ಲಾಕ್, ಡೇನಿಯಲ್ ಲ ಗ್ರಾಂಜ್ ಮುಂತಾದವರು 2001ರಲ್ಲಿ ಕೈಪಿಡಿಯಾಗಿ ಪ್ರಕಟಿಸಿದರು. ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಟ್ಟು ಕೃಶವಾಗುವ ಕಾಯಿಲೆ, ಇರುವ ಹದಿಹರೆಯದ ಮಗುವಿನ ಊಟದ ಹೊಣೆಯನ್ನು ಮೊದಲ ಹಂತದಲ್ಲಿ ತಂದೆತಾಯಿ ವಹಿಸಿಕೊಳ್ಳುತ್ತಾರೆ. ಎರಡನೆಯ ಭೇಟಿಗೆ ಕುಟುಂಬ ಬುತ್ತಿ ಕಟ್ಟಿಕೊಂಡು ಬಂದು ಚಿಕಿತ್ಸಕರ ಎದುರಿಗೇ ಊಟ ಮಾಡುತ್ತದೆ. ಇಲ್ಲಿ ಮಗಳ ಊಟದ ಮೇಲೆ ನಿಗಾ ಇಡುವವರು ಅಮ್ಮ ಅಪ್ಪ. ಅವರು ಹೇಗೆ ನಿಗಾ ಇಡುತ್ತಾರೆಂದು ನೋಡುವವರು ಚಿಕಿತ್ಸಕಿ. ‘ಅಮ್ಮ ಇನ್ನೊಂದು ತುತ್ತು ಎಂದಾಗ ನೀವೇಕೆ ಮಧ್ಯೆ ಬಾಯಿ ಹಾಕಿದಿರಿ?’ ಎಂದು ಆ ಚಿಕಿತ್ಸಕಿಯನ್ನು ಮುಂದಿನ ವಾರ ಕೇಳುವವರು ಸೂಪರ್‌ವೈಸರ್. ಈ ಕೊನೆಯವರು ತಟ್ಟೆಯನ್ನು ನೋಡುವುದೇ ಇಲ್ಲ. ಇಷ್ಟು ಹೇಳಿದ ಮೇಲೂ ಎರಡನ್ನೂ ಒಂದೇ ಎನ್ನುವವರಿಗೆ ನನ್ನ ಬಳಿ ಔಷಧವಿಲ್ಲ.

ಸೂಪರ್‌ವಿಷನ್ ಎಲ್ಲ ಚಿಕಿತ್ಸಕರಿಗೂ ಬೇಕು. ಬ್ರಿಟನ್ನಿನ ಆಪ್ತಸಮಾಲೋಚಕರ ಸಂಘವಾದ ಬಿಎಸಿಪಿ, ತನ್ನಿಂದ ಮಾನ್ಯತೆ ಪಡೆದು ವೃತ್ತಿಯಲ್ಲಿರುವ ಸದಸ್ಯರು ಎಷ್ಟೇ ಹಿರಿಯರಾಗಿದ್ದರೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಪಡೆಯಬೇಕೆನ್ನುತ್ತದೆ. ನಮ್ಮಲ್ಲೂ ಇದು ಹೊಸದಲ್ಲ. ಇಂದು ನಿಮ್ಹಾನ್ಸ್ ಆಗಿರುವ ಬೆಂಗಳೂರಿನ ಸಂಸ್ಥೆಯಲ್ಲಿ 1955ರಷ್ಟು ಹಿಂದೆಯೇ ಚಿಕಿತ್ಸಾ ಮನೋವಿಜ್ಞಾನದ ತರಬೇತಿ ಶುರುವಾಯಿತು, ಹಿರಿಯರ ಕೈಕೆಳಗೆ ರೋಗಿಗಳನ್ನು ನೋಡಿಯೇ ಅದನ್ನು ಮುಗಿಸಬೇಕು. ಅದರಿಂದಲೋ ಏನೋ, ಪದವಿ ಬಂದ ದಿನ ಸೂಪರ್‌ವಿಷನ್ ಮುಗಿಯಿತು ಎಂಬ ನಂಬಿಕೆ ಗಟ್ಟಿಯಾಗಿದೆ.

ಆದರೆ ಆಹಾರದ ವಿಷಯದಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. ಈ ಕಾಯಿಲೆ ಚಿಕಿತ್ಸಕರನ್ನೂ ತನ್ನ ಕಡೆಗೆ ಒಲಿಸಿಕೊಳ್ಳುತ್ತದೆ. ಖಿನ್ನತೆ ಇರುವವರು ಸಾಮಾನ್ಯವಾಗಿ ಅದರಿಂದ ಬಿಡುಗಡೆ ಬೇಕೆನ್ನುತ್ತಾರೆ. ಅನೊರೆಕ್ಸಿಯಾ ಇರುವವರಲ್ಲಿ ಹಲವರಿಗೆ ಅದೊಂದು ಸಾಧನೆ. ಮಾತು ಜಾಣ್ಮೆಯದು, ಅಂಕಗಳು ಚೆನ್ನಾಗಿವೆ, ಭೇಟಿಗೆ ಒಂದು ನಿಮಿಷವೂ ತಡವಿಲ್ಲ. ತೂಕ ನೋಡೋಣವೇ ಎಂದರೆ ಕಣ್ಣು ತುಂಬುತ್ತದೆ. ಹೋಗಲಿ, ಮುಂದಿನ ವಾರ ಎನಿಸುತ್ತದೆ. ಯೋಚನೆ, ನಡವಳಿಕೆಗಳನ್ನು ಬದಲಿಸಲು ಈ ಕಾಯಿಲೆಗೆ ಕೊಡುವ ಅರಿವಿನ ವರ್ತನಾ ಚಿಕಿತ್ಸೆಯಲ್ಲಿ ವಾರಕ್ಕೊಮ್ಮೆ ಇಬ್ಬರೂ ಸೇರಿ ತೂಕ ನೋಡುವುದು ಬಿಡಬಾರದ ಭಾಗ. ಅದನ್ನೇ ಚಿಕಿತ್ಸಕರು ಮೊದಲು ಕೈಬಿಡುತ್ತಾರೆ, ದಯೆಯ ಹೆಸರಿನಲ್ಲಿ. ತಾವು ಕಲಿತ ಚಿಕಿತ್ಸೆಯಿಂದ ತಮಗೆ ತಿಳಿಯದಂತೆಯೇ ಸರಿದು ಹೋಗುವುದಕ್ಕೆ ಬ್ರಿಟನ್ನಿನ ಮನೋವಿಜ್ಞಾನಿ ಗ್ಲೆನ್ ವಾಲರ್ 2009ರ ಲೇಖನವೊಂದರಲ್ಲಿ ‘ಥೆರಪಿಸ್ಟ್ ಡ್ರಿಫ್ಟ್’ ಎಂದರು. ಚಿಕಿತ್ಸಕರ ಜಾರುವಿಕೆ ಎನ್ನಬಹುದು. ಜಾರುತ್ತಿರುವವರಿಗೆ ಅದು ಕಾಣುವುದಿಲ್ಲ, ಎರಡನೆಯ ಲೆಕ್ಕದಲ್ಲಿ ಕಾಣುತ್ತದೆ.

ಅದು ಕಾಣುವ ಬಗೆಯೂ ವಿಚಿತ್ರ. ಅಮೆರಿಕದ ಮನೋವಿಶ್ಲೇಷಕ ಹೆರಲ್ಡ್ ಸರ್ಲ್ಸ್ 1955ರಲ್ಲಿ ಗಮನಿಸಿದ, ಮುಂದೆ ‘ಸಮಾಂತರ ಪ್ರಕ್ರಿಯೆ’ ಎಂದು ಹೆಸರಾದ ಸಂಗತಿಯಿದು: ರೋಗಿ ಮತ್ತು ಚಿಕಿತ್ಸಕರ ನಡುವೆ ನಡೆದದ್ದು ಚಿಕಿತ್ಸಕರು ಮತ್ತು ಸೂಪರ್‌ವೈಸರ್ ನಡುವೆ ಮರುಕಳಿಸುತ್ತದೆ. ಹೀಗೆ ಊಹಿಸಿಕೊಳ್ಳಿ.

‘ಮೇಡಂ, ಕೆಲಸ ಚೆನ್ನಾಗಿ ನಡೆಯುತ್ತಿದೆ. ತುಂಬ ಸ್ಪಂದಿಸುತ್ತಾಳೆ.’

‘ಒಳ್ಳೆಯದು. ತೂಕ?’

‘ಈ ವಾರ ಸಮಯ ಸಾಲಲಿಲ್ಲ.’

‘ಹೋದ ವಾರ?’

‘ಹೋದ ವಾರ ಅವಳಿಗೆ ಪರೀಕ್ಷೆ ಇತ್ತು.’

‘ನೀವು ಈಗ ನನಗೆ ಹೇಳುತ್ತಿರುವ ರೀತಿಯಲ್ಲೇ ಅವಳು ನಿಮಗೆ ಊಟದ ಲೆಕ್ಕ ಹೇಳುತ್ತಾಳೆಯೇ?’

ರೋಗಿ ಅನ್ನ ಮುಚ್ಚಿಟ್ಟರೆ ಚಿಕಿತ್ಸಕಿ ತೂಕದ ಪಟ್ಟಿ ಮುಚ್ಚಿಟ್ಟಿದ್ದಾರೆ. ಇಲ್ಲಿ ಗದರಿದರೆ ಅದು ಗಾರ್ಮೆಂಟ್ಸ್ ಸೂಪರ್‌ವಿಷನ್. ‘ಪರವಾಗಿಲ್ಲ ಬಿಡಿ’ ಎಂದರೆ ಸೂಪರ್‌ವೈಸರ್ ಕೂಡ ಜಾರಿದರು. ಮುಚ್ಚಿಡಬೇಕೆನಿಸಿದ್ದು ಏಕೆ ಎಂದು ಇಬ್ಬರೂ ನೋಡಿದರೆ, ಆ ಹುಡುಗಿ ದಿನವೂ ಹೊರುವ ಭಯದ ರುಚಿ ಚಿಕಿತ್ಸಕಿಗೂ ಸ್ವಲ್ಪ ಗೊತ್ತಾಗುತ್ತದೆ.

ಇನ್ನೊಂದು ಕಾರಣ, ಊಟದ ವಿಷಯದಲ್ಲಿ ತಟಸ್ಥರು ಯಾರೂ ಇಲ್ಲ. ಚಿಕಿತ್ಸಕರಿಗೂ ದೇಹವಿದೆ, ‘ಯಾಕಮ್ಮ ಇಷ್ಟು ಸೊರಗಿದ್ದೀಯ’, ‘ಸ್ವಲ್ಪ ದಪ್ಪ ಆದ ಹಾಗಿದೆ’ ಎಂಬ ಮಾತುಗಳನ್ನು ಪ್ರತಿ ಮದುವೆಮನೆಯಲ್ಲೂ ಕೇಳಿ ಬೆಳೆದವರೇ ಅವರು. ತಾವೇ ರಾತ್ರಿ ಅನ್ನ ಬಿಟ್ಟಿರುವವರಿಗೆ ‘ರಾತ್ರಿ ಅನ್ನ ಬಿಟ್ಟಿದ್ದೇನೆ’ ಎಂಬ ಮಾತು ರೋಗಲಕ್ಷಣವಾಗಿ ಕೇಳಿಸುವುದಿಲ್ಲ. ವ್ರತದ ವಿಷಯ ಇನ್ನೂ ಸೂಕ್ಷ್ಮ. ಶನಿವಾರ ಒಪ್ಪತ್ತು, ಏಕಾದಶಿಗೆ ನಿರಾಹಾರ ಎಂದಾಗ, ಅದೇ ಆಚರಣೆಯ ಮನೆಯಿಂದ ಬಂದ ಚಿಕಿತ್ಸಕರು ಭಕ್ತಿಯಿಂದ ತಲೆಯಾಡಿಸುತ್ತಾರೆ, ಆ ಪದ್ಧತಿಯೇ ಇಲ್ಲದ ಮನೆಯವರು ಗಾಬರಿಯಾಗುತ್ತಾರೆ. ಇಬ್ಬರೂ ಕೇಳಬೇಕಾದ್ದನ್ನು ಕೇಳುವುದಿಲ್ಲ: ದ್ವಾದಶಿಯ ಬೆಳಿಗ್ಗೆ ಪಾರಣೆ ಆಯಿತೇ? ಮನೆಯವರೆಲ್ಲ ವ್ರತ ಮುಗಿಸಿ ಊಟಕ್ಕೆ ಕುಳಿತಾಗ ಅವಳೂ ಕುಳಿತಳೇ? ವ್ರತಕ್ಕೆ ಕೊನೆಯುಂಟು, ಕಾಯಿಲೆಗೆ ಮುಂದಿನ ತಿಥಿ ಯಾವಾಗಲೂ ಸಿದ್ಧ. ಸೂಪರ್‌ವೈಸರ್ ಈ ಪ್ರಶ್ನೆಯನ್ನು ಎತ್ತಿಕೊಡಬೇಕು, ಜೊತೆಗೆ ‘ನಿಮ್ಮ ಮನೆಯಲ್ಲಿ ಹೇಗೆ?’ ಎಂದೂ ಕೇಳಬೇಕು. ಹಾಗೆ ಕೇಳಿದ ಮಾತ್ರಕ್ಕೆ ಅದು ಚಿಕಿತ್ಸಕರಿಗೆ ಕೊಡುವ ಚಿಕಿತ್ಸೆಯಾಗುವುದಿಲ್ಲ. ಅವರ ಮನೆಯ ಕಥೆ ಈ ಕೆಲಸಕ್ಕೆ ತಾಗುವಷ್ಟೇ ಇಲ್ಲಿಗೆ ಸೇರಿದ್ದು. ಉಳಿದದ್ದಕ್ಕೆ ಬೇರೆ ಬಾಗಿಲು ತಟ್ಟಬೇಕು.

ಮೂರನೆಯದು ಬರೀ ಶರೀರದ ವಿಷಯ, ಚರ್ಚೆಗೆ ಎಡೆಯಿಲ್ಲ. ಪದೇ ಪದೇ ವಾಂತಿ ಮಾಡುವವರ ತೂಕ ಸರಿಯಾಗಿಯೇ ಕಂಡರೂ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪಬಹುದು. ಬಹುಕಾಲ ಹಸಿದ ದೇಹಕ್ಕೆ ಏಕಾಏಕಿ ಆಹಾರ ಹೆಚ್ಚಿಸಿದರೆ ಫಾಸ್ಫೇಟ್ ಇಳಿದು ಪ್ರಾಣಕ್ಕೇ ಅಪಾಯ. ಮನೋವಿಜ್ಞಾನಿ ಇದನ್ನು ಅಳೆಯಲಾರರು, ಅಳೆಯುವವರು ಯಾರೆಂದು ಗೊತ್ತಿರಬೇಕು. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2022ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಮಲಗಿದಲ್ಲಿಂದ ಎದ್ದು ಕೂರುವ, ಕುಕ್ಕರಗಾಲಿನಿಂದ ಕೈ ಊರದೆ ಏಳುವ ಸರಳ ಪರೀಕ್ಷೆಯೂ ಇದೆ. ‘ರಕ್ತಪರೀಕ್ಷೆ ಕೊನೆಯ ಬಾರಿ ಯಾವಾಗ ಆಯಿತು, ವರದಿ ನೋಡಿದ ವೈದ್ಯರು ಯಾರು?’ ಎಂದು ಕೇಳದ ಸೂಪರ್‌ವೈಸರ್ ಎಷ್ಟು ಆಳವಾಗಿ ಮಾತನಾಡಿದರೂ ಅರ್ಧ ಕೆಲಸ ಮಾಡಿದ ಹಾಗೆ. ಇದು ಹೆಣ್ಣುಮಕ್ಕಳ ಕಾಯಿಲೆ ಎಂದು ಹುಡುಗರ ಮಟ್ಟಿಗೆ ಈ ಪ್ರಶ್ನೆಯನ್ನೇ ಮರೆಯುವವರೂ ಇದ್ದಾರೆ.

ಗೊತ್ತಿರುವ ಹಿರಿಯರಿಗೆ ಒಮ್ಮೆ ಫೋನ್ ಮಾಡಿ ಕೇಳುವುದು ಸಲಹೆ ಪಡೆಯುವುದಾಯಿತು, ಸೂಪರ್‌ವಿಷನ್ ಅಲ್ಲ. ಸೂಪರ್‌ವಿಷನ್‌ಗೆ ನಿಗದಿತ ದಿನ, ಒಪ್ಪಂದ, ಶುಲ್ಕ ಇರುತ್ತವೆ. ಶುಲ್ಕ ಕೊಡುವವರು ಚಿಕಿತ್ಸಕರು ಇಲ್ಲವೇ ಅವರ ಸಂಸ್ಥೆ.

ಗೋಪ್ಯತೆಯ ಪ್ರಶ್ನೆಯನ್ನು ರೋಗಿಯ ಮನೆಯವರು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ತನ್ನ ವಿಷಯ ಸೂಪರ್‌ವಿಷನ್‌ಗೆ ಹೋಗುತ್ತದೆ ಎಂಬುದನ್ನು ಚಿಕಿತ್ಸೆಯ ಆರಂಭದಲ್ಲೇ ರೋಗಿಗೆ ತಿಳಿಸಬೇಕು, ಹೆಸರು ಊರು ಬಿಟ್ಟು ಹೇಳಬೇಕು ಎಂಬುದು ನಿಯಮ. ಆದರೆ ತಾಲ್ಲೂಕು ಕೇಂದ್ರವೊಂದರಲ್ಲಿ ‘ವೈದ್ಯ ದಂಪತಿಯ ಮಗಳು, ಭರತನಾಟ್ಯ ಕಲಿಯುತ್ತಾಳೆ, ಈ ವರ್ಷ ಪಿಯುಸಿ’ ಎಂದರೆ ಹೆಸರು ಹೇಳಿದ್ದಕ್ಕಿಂತ ಹೆಚ್ಚಾಯಿತು. ಅಂಥ ಕಡೆ ಕೆಲಸ ಮಾಡುವ ಚಿಕಿತ್ಸಕರು ಸೂಪರ್‌ವೈಸರನ್ನು ಬೇರೆ ಜಿಲ್ಲೆಯಲ್ಲಿ ಹುಡುಕಿಕೊಂಡು ವಿಡಿಯೊ ಕರೆಯಲ್ಲಿ ಮಾತನಾಡುವುದು ಮೇಲು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಬಾಗಿಲು ಮುಚ್ಚಿ.