ಕೃಷಿ ಹೊಂಡದ ಮೀನು: ದುಡ್ಡು ಉಳಿಯೋದು ಏರಿ ಮೇಲೆ

"ಸಾರ್, ನಮ್ ಹೊಂಡದಲ್ಲಿ ಮೀನು ಬಿಟ್ರೆ ವರ್ಷಕ್ಕೆ ಎಷ್ಟು ಲಕ್ಷ ಬರುತ್ತೆ?" ಅಂತ ವಾರಕ್ಕೊಬ್ರಾದ್ರೂ ಫೋನ್ ಮಾಡ್ತಾರೆ. ನಾನು ತಿರುಗಿ ಎರಡು ಪ್ರಶ್ನೆ ಕೇಳ್ತೀನಿ, ನೀರು ಎಷ್ಟು ತಿಂಗ್ಳು ನಿಲ್ಲುತ್ತೆ, ಮೀನನ್ನ ಯಾರು ಮಾರ್ತಾರೆ. ಮೊದಲನೇದಕ್ಕೆ ಉತ್ತರ ಸಿಗುತ್ತೆ, ಎರಡನೇದನ್ನ ಯೋಚ್ನೆ ಮಾಡಿರೋರೇ ಕಮ್ಮಿ.

2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ್ಮೇಲೆ ಬಯಲುಸೀಮೆ ಹೊಲಗಳಲ್ಲಿ ತಾಡಪಾಲು ಹಾಸಿದ ಹೊಂಡ ಸುಮಾರು ಆದ್ವು. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ್ದು ಅಂತ ಇಟ್ಕೊಳ್ಳಿ. ಚದರ ಮೀಟರ್‌ಗೆ ಒಂದು ಲೆಕ್ಕದಲ್ಲಿ 450 ಮರಿ ಸಾಕು, ಮೇಲಿನ ನೀರಲ್ಲಿ ಮೇಯೋಕೆ ಕಾಟ್ಲಾ, ನಡುವೆ ರೋಹು, ತಳದಲ್ಲಿ ಮೃಗಾಲ್ ಇಲ್ಲಾ ಸಾಮಾನ್ಯ ಗೆಂಡೆ. ಅದ್ರಲ್ಲಿ 300 ಉಳಿದು ಅರ್ಧರ್ಧ ಕೆಜಿ ಬಂದ್ರೆ 150 ಕೆಜಿ. ಮರಿ ಒಂದಕ್ಕೆ 3 ರೂಪಾಯಿ, ತೌಡು-ಕಡ್ಲೆಕಾಯಿ ಹಿಂಡಿ 300 ಕೆಜಿ, ಕೆಜಿಗೆ 35 ಅಂತ ಹಿಡಿದ್ರೆ ಖರ್ಚು ಹತ್ರ ಹತ್ರ 12,000. ಈಗ ನೋಡಿ, ವ್ಯಾಪಾರಿ ಗಾಡಿ ತಂದು ಒಂದೇ ಸಲ 90ರಂಗೆ ಎತ್ಕೊಂಡೋದ್ರೆ ಕೈಗೆ ಬರೋದು 13,500. ಅದೇ ಮೀನನ್ನ ನೀವೇ ಹೊಂಡದ ಏರಿ ಮೇಲೆ ಜೀವಂತ ಇರೋವಾಗ್ಲೇ 150ರಂಗೆ ಮಾರಿದ್ರೆ 22,500. ಉಳಿಕೆ ಒಂದ್ಕಡೆ 1,500, ಇನ್ನೊಂದ್ಕಡೆ 10,500. ರೇಟು ಊರಿಂದೂರಿಗೆ ಬೇರೆ ಇರುತ್ತೆ, ಆದ್ರೆ ಈ ಅಂತರ ಎಲ್ಲಾ ಕಡೆನೂ ಇರುತ್ತೆ, ಯಾಕಂದ್ರೆ ವ್ಯಾಪಾರಿ ನಿಮ್ ಮೀನನ್ನ ಅಗ್ಗದ ಡ್ಯಾಮ್ ಮೀನಿನ ರೇಟಿಗೆ ಹೋಲಿಸ್ತಾನೆ, ಅಕ್ಕಪಕ್ಕದೋರು ಐಸ್ ಹಾಕಿದ ಮೀನಿಗೆ ಹೋಲಿಸ್ತಾರೆ.

ಏರಿ ಮೇಲೆ ಮಾರೋದು ಸಲೀಸಲ್ಲ. ವಾರಕ್ಕೆ 10-15 ಕೆಜಿ ಮಾತ್ರ ಹಿಡೀಬೇಕು, ಭಾನುವಾರ ಬೆಳಿಗ್ಗೆ ತಕ್ಕಡಿ ಇಟ್ಕೊಂಡು ಕೂರಬೇಕು, ಉಜ್ಜಿ ಕೊಡ್ಬೇಕು. ನೆಂಟರು ಸುಮ್ನೆ ಕೇಳ್ತಾರೆ, ಊರೋರು ಸಾಲ ಹೇಳ್ತಾರೆ. ಶ್ರಾವಣದಲ್ಲಿ ಕೊಳ್ಳೋರೇ ಇರಲ್ಲ. ನಾನು ನೋಡಿರೋ ಹಾಗೆ ಇದನ್ನೆಲ್ಲಾ ಚೆನ್ನಾಗಿ ನಿಭಾಯ್ಸೋದು ಮನೆ ಹೆಂಗಸರು. ಒಬ್ಬ ಅಕ್ಕ ಮಗಳ ಹಳೇ ನೋಟ್‌ಬುಕ್ಕಲ್ಲಿ ಸಾಲದ ಲೆಕ್ಕ ಬರೀತಿದ್ರು, ಆ ದುಡ್ಡು ನೇರ ಸ್ವಸಹಾಯ ಸಂಘದ ಕಂತಿಗೆ ಹೋಗ್ತಿತ್ತು, ವಾರಕ್ಕೊಂದ್ಸಲ ಮನೇಲಿ ಮೀನ್ ಸಾರು ಬೇರೆ. ಮುಂದಿನ ವರ್ಷ ವ್ಯಾಪಾರಿಗೆ ಒಟ್ಟಿಗೆ ಕೊಟ್ರು, ದುಡ್ಡು ಯಜಮಾನರ ಕೈಗೆ ಬಂತು, ಬೋರ್‌ವೆಲ್ ಸಾಲಕ್ಕೆ ಹೋಯ್ತು. ಅದು ತಪ್ಪು ಅಂತ ಹೇಳಲ್ಲ ನಾನು, ಆದ್ರೆ ಆ ಅಕ್ಕ ಆಮೇಲೆ ಮೀನಿಗೆ ತೌಡು ಹಾಕೋದನ್ನೇ ಬಿಟ್ರು. 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಲಿ ಸಾಮಾನ್ಯರಿಗೆ 40 ಪರ್ಸೆಂಟ್ ಸಬ್ಸಿಡಿ, ಹೆಂಗಸರಿಗೂ ಪರಿಶಿಷ್ಟರಿಗೂ 60, ಅದಕ್ಕೇ ಅರ್ಜಿ ಹೆಂಡ್ತಿ ಹೆಸರಲ್ಲಿ ಹಾಕ್ತಾರೆ, ಹೊಂಡದ ಮಾತು ಬಂದಾಗ ಮಾತ್ರ ಅವ್ರನ್ನ ಕೇಳೋದೇ ಇಲ್ಲ.

ನೀರಿನ ಜಗಳನೂ ಮನೆ ಒಳಗಿಂದೇ. ಮಳೆ ಕೈಕೊಟ್ರೆ ಒಣಗ್ತಿರೋ ಬೆಳೆಗೆ ಹೊಂಡದ ನೀರು ಬಿಡ್ಲೇಬೇಕು, ಹೊಂಡ ಇರೋದೇ ಅದಕ್ಕೆ. ಹಂಗಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಅಗ್ಗ ಅಂತ ತರಬೇಡಿ, ಬೆರಳುದ್ದ ದಾಟಿದ ಮರಿ ತನ್ನಿ, ಬೇಗ ಮಾರೋ ಸೈಜಿಗೆ ಬರುತ್ತೆ. ನಾಲ್ಕಡಿಗಿಂತ ನೀರು ಇಳಿಯೋ ಮುಂಚೆನೇ ಹಿಡಿಯೋಕೆ ಶುರು ಮಾಡಿ. ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಡೀತಿದ್ರೆ ಆಕ್ಸಿಜನ್ ಕಮ್ಮಿ ಆಗಿದೆ ಅಂತ, ಅವತ್ತು ಮೇವು ಹಾಕ್ಬೇಡಿ, ಪಂಪ್ ಹಚ್ಚಿ ಅದೇ ನೀರನ್ನ ಎತ್ತರದಿಂದ ಹೊಂಡಕ್ಕೇ ಬೀಳ್ಸಿ. ತಾಡಪಾಲು ಪಾಚಿ ಕಟ್ಟಿ ಜಾರುತ್ತೆ, ಬಿದ್ದ ಮಗು ಹತ್ತಿ ಬರೋಕೆ ಆಗಲ್ಲ. ಅದಕ್ಕೆ ಬೇಲಿ ಹಾಕಿ, ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರೋದನ್ನ ನೋಡೋವರೆಗೂ ನಾನು ಯಾರಿಗೂ ಮರಿ ಕೊಡ್ಸಲ್ಲ.

ಊರ ಕೆರೇಲೂ ಇದೇ ಕಥೆ ದೊಡ್ಡದಾಗಿ ನಡೆಯುತ್ತೆ. ಮಲೆನಾಡಿನ ಕೆರೆಬೇಟೆಲಿ ಬೇಸಿಗೆಗೆ ನೀರಿಳಿದಾಗ ಊರೂರೇ ಕೂಣಿ (ಮೀನು ಹಿಡಿಯೋ ಬಿದಿರಿನ ಬುಟ್ಟಿ) ಹಿಡ್ಕೊಂಡು ಕೆರೆಗಿಳಿಯುತ್ತೆ, ಎಲ್ಲರ ಮನೇಲೂ ಅವತ್ತು ಮೀನು. ಹರಾಜಿಗೆ ಹೋದ ಕೆರೇಲಿ ಹೊರಗಿನ ಗುತ್ತಿಗೆದಾರ ರಾತ್ರಿ ಬಲೆ ಹಾಕಿ ಬೆಳಿಗ್ಗೆ ಹೊತ್ತಿಗೆ ಲೋಡ್ ಮಾಡ್ಕೊಂಡು ಹೋದ್ರೆ, ಏರಿ ಪಕ್ಕದ ಮನೆಯೋರು ಅದೇ ಮೀನನ್ನ ಪೇಟೆಯಿಂದ ತರಬೇಕು. ಗುತ್ತಿಗೆ ಕರಾರಲ್ಲಿ "ವಾರಕ್ಕೊಂದು ದಿನ ಊರೋರಿಗೆ ಕೆರೆ ಹತ್ರನೇ ಮಾರಾಟ" ಅಂತ ಒಂದು ಸಾಲು ಸೇರ್ಸಿ ಅಂತ ಪಂಚಾಯ್ತಿ ಸದಸ್ಯರು ಸಿಕ್ಕಾಗೆಲ್ಲ ಹೇಳ್ತಾನೇ ಇದ್ದೀನಿ.