ಪಾರ್ಟಿ ರೂಲ್ಸು ಪಾರ್ಟಿ ದಿನ ಹೇಳಬೇಡಿ

ಹನ್ನೊಂದು, ಹನ್ನೆರಡರ ಮಕ್ಕಳ ಬರ್ತ್‌ಡೇ ಜಗಳಗಳು ಕೌನ್ಸೆಲಿಂಗ್‌ಗೆ ಬಂದಾಗ ಕಥೆ ಹೆಚ್ಚುಕಮ್ಮಿ ಒಂದೇ. ರೂಮಿನ ಬಾಗಿಲು ಹಾಕಿದೆ, ಒಳಗೆ ಗದ್ದಲ. ಅಮ್ಮ ಬಾಗಿಲು ತಳ್ಳಿ ಫ್ರೆಂಡ್ಸ್ ಎದುರೇ "ಏನಿದು, ಮೀನು ಮಾರ್ಕೆಟ್ಟಾ?" ಅಂತಾರೆ. ಆಮೇಲೆ ಮಗಳು ಮಾತು ಬಿಡುತ್ತಾಳೆ. ಈ ವಯಸ್ಸಿನಲ್ಲಿ ಬೈಗುಳಕ್ಕಿಂತ ಗೆಳೆಯರ ಮುಂದೆ ಮಾನ ಹೋಗಿದ್ದೇ ಜಾಸ್ತಿ ನೋಯಿಸುತ್ತದೆ.

ಅದಕ್ಕೇ ಒಂದು ವಾರ ಮೊದಲೇ ಕೂತು ಮಾತಾಡಿ. ಎಷ್ಟು ಜನ, ಯಾವ ರೂಮು, ಏನು ಮುಟ್ಟಬಾರದು ಎಲ್ಲವನ್ನೂ ಮಕ್ಕಳೇ ಬರೆಯಲಿ. ಒಬ್ಬ ಹುಡುಗ "ಅಪ್ಪ ಡ್ಯಾನ್ಸ್ ಮಾಡಬಾರದು" ಅಂತ ಬರೆದಿದ್ದ. ಅಪ್ಪ ಸೈನ್ ಹಾಕಿದರು! ಬಾಲ್ಕನಿ, ಟೆರೇಸ್, ಸ್ವಿಮ್ಮಿಂಗ್ ಪೂಲ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ದೊಡ್ಡವರಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಯಾರಾದರೂ ಮಿತಿಮೀರಿದರೆ "ಅಡುಗೆಮನೆಗೆ ಸ್ವಲ್ಪ ಬಾ" ಅಂತ ನಿಮ್ಮ ಮಗುವನ್ನು ಕರೆದು, ಅಲ್ಲೇ ಮೆಲ್ಲಗೆ ಹೇಳಿ.

ನೀವೂ ಅಡುಗೆಮನೆಯಲ್ಲೇ ಇರುವುದು ಒಳ್ಳೆಯದು. ಸೋಫಾ ಮೇಲೆ ಕಾವಲು ಕೂರಬೇಡಿ, ಮನೆ ಬಿಟ್ಟು ಹೋಗಲೂ ಬೇಡಿ. ಪಾಪ್‌ಕಾರ್ನ್ ಬಟ್ಟಲು ತುಂಬಿಸುವ ನೆಪ ಸಾಕು. ಮಕ್ಕಳಿರುವ ರೂಮಿನ ಬಾಗಿಲು ತೆಗೆದೇ ಇರಲಿ.

ಫೋನಿನದ್ದು ದೊಡ್ಡ ಕಥೆ. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡಕ್ಕೂ ಕನಿಷ್ಠ 13 ವರ್ಷ ಆಗಿರಬೇಕು. ಆದರೂ ಆರನೇ ಕ್ಲಾಸಿನವರಿಗೇ ಗ್ರೂಪ್ ಇರುತ್ತದೆ, ಅಲ್ವಾ? ಕೇಕ್ ಕತ್ತರಿಸುವಾಗಲೇ ಫೋಟೋ ಅಲ್ಲಿಗೆ ಹೋಗುತ್ತದೆ. ಕರೆಯದೇ ಬಿಟ್ಟ ಹುಡುಗಿ ಮನೆಯಲ್ಲಿ ಕೂತು ಅದನ್ನು ನೋಡುತ್ತಾಳೆ. ಸೋಮವಾರ ಕ್ಲಾಸಿನಲ್ಲಿ ಮುನಿಸು ಶುರು. ಆದ್ದರಿಂದ ಬಂದ ಕೂಡಲೇ ಫೋನುಗಳೆಲ್ಲ ಟಿವಿ ಪಕ್ಕದ ಟ್ರೇಗೆ. ಮನೆಗೆ ಕಾಲ್ ಮಾಡಬೇಕಂದರೆ ಕೇಳಿದ ತಕ್ಷಣ ಕೊಡಿ. ಫೋಟೋ ನೀವು ತೆಗೆದು ಆಯಾ ಅಪ್ಪ ಅಮ್ಮಂದಿರಿಗಷ್ಟೇ ಕಳಿಸಿ.

ಎಗ್‌ಲೆಸ್ ಕೇಕ್ ಬೇಕಾ, ಕಡಲೆಕಾಯಿ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿಬಿಡಿ.

ಇನ್ನು ಟೈಮು. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇದೆ. ಹಾಗಂತ ಹತ್ತರವರೆಗೂ ಕುಣಿಸಿದರೆ ಕೆಳಗಿನ ಮನೆಯ ಅಜ್ಜಿ ಸುಮ್ನಿರ್ತಾರಾ? ಏಳಕ್ಕೆ ಹಾಡು ನಿಲ್ಲಿಸಿ ಊಟ ಹಾಕಿ. ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡ ಅಪ್ಪ ಎಂಟೂವರೆಗೆ ಬಂದಾರು. ಅಲ್ಲಿಯವರೆಗೆ ಆ ಮಗು ನಿಮ್ಮ ಮನೆಯಲ್ಲೇ ಇರಲಿ. ಒಂಟಿಯಾಗಿ ಆಟೋ ಹತ್ತಿಸಬೇಡಿ.