ಕಾಡು ರಾತ್ರಿ ಬಿಡುವ ಉಸಿರಿನ ಲೆಕ್ಕ

ಪ್ರಶ್ನೆ: ಕಾಡು ಕಾರ್ಬನ್ ಹೀರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮರಗಳೂ ರಾತ್ರಿ ಉಸಿರಾಡುತ್ತವೆ, ದರಕು (ಉದುರಿದ ಒಣ ಎಲೆ) ಕೊಳೆಯುತ್ತದೆ, ಮಣ್ಣೂ ಏನೋ ಬಿಡುತ್ತದೆ. ಹಾಗಿದ್ದರೆ ಕೊನೆಗೆ ಉಳಿಯುವುದು ಎಷ್ಟು ಅಂತ ಅಳೆಯುವುದು ಹೇಗೆ? ತೋಟಕ್ಕೆ ಸೊಪ್ಪು, ದರಕು ತರುವ ನಮ್ಮ ಸೊಪ್ಪಿನ ಬೆಟ್ಟವನ್ನೂ ಹಾಗೆ ಅಳೆಯಬಹುದಾ?

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಕಡೆಯಿಂದ ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ತೋಟ, ಬೆಟ್ಟ ಇರುವವರೇ ಜಾಸ್ತಿ. ಅವರು ದರಕು ಗುಡಿಸಿದವರು, ಅದು ಕೊಳೆಯುವುದನ್ನು ಕಂಡವರು. ಹಾಗಾಗಿ "ಮರ ನೆಟ್ಟರೆ ಎಲ್ಲ ಸರಿಹೋಗುತ್ತದೆ" ಅನ್ನುವ ಮಾತು ಅವರಿಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆ ಅನುಮಾನ ಸರಿಯಾದದ್ದೇ.

ಹೀರುವುದು ಒಂದು ಲೆಕ್ಕ, ಬಿಡುವುದು ಇನ್ನೊಂದು. ಎರಡೂ ದೊಡ್ಡವು. ನಮಗೆ ಬೇಕಾದ್ದು ಅವುಗಳ ನಡುವಿನ ಸಣ್ಣ ವ್ಯತ್ಯಾಸ. ಇಡೀ ಭೂಮಿಯ ಗಿಡಮರಗಳು ವರ್ಷಕ್ಕೆ ಸುಮಾರು 120 ರಿಂದ 130 ಶತಕೋಟಿ ಟನ್ ಕಾರ್ಬನ್ ಎಳೆದುಕೊಳ್ಳುತ್ತವೆ. ಅದರಲ್ಲಿ ಬಹುಪಾಲು ಉಸಿರಾಟದಲ್ಲಿ, ಕೊಳೆಯುವುದರಲ್ಲಿ, ಬೆಂಕಿಯಲ್ಲಿ ವಾಪಸ್ ಹೋಗುತ್ತದೆ. ಕೊನೆಗೆ ನೆಲದ ಪಾಲಿಗೆ ಉಳಿಯುವುದು ಸುಮಾರು 3 ಶತಕೋಟಿ ಟನ್.

ನಮ್ಮ ದೇಶದ್ದೇ ಒಂದು ಅಳತೆ ನೋಡಿ. ಬಂಗಾಳದ ಸುಂದರಬನದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಟವರ್ ನಿಲ್ಲಿಸಿ ವರ್ಷವಿಡೀ ಅಳೆದರು. ಚದರ ಮೀಟರಿಗೆ 1271 ಗ್ರಾಂ ಕಾರ್ಬನ್ ಒಳಗೆ ಬಂತು, 1022 ಗ್ರಾಂ ಹೊರಗೆ ಹೋಯಿತು, 249 ಗ್ರಾಂ ಉಳಿಯಿತು. ನಮ್ಮ ಗುಂಟೆ ಲೆಕ್ಕಕ್ಕೆ ತಂದರೆ, ಒಂದು ಗುಂಟೆ ಜಾಗ ಸುಮಾರು 128 ಕಿಲೋ ಎಳೆದುಕೊಂಡು 103 ಕಿಲೋ ಬಿಟ್ಟಿತು. ಉಳಿದದ್ದು 25 ಕಿಲೋ. ಈಗ ಬಿಟ್ಟದ್ದನ್ನು ಅಳೆಯುವಾಗ ನೂರಕ್ಕೆ ಹತ್ತರಷ್ಟು ತಪ್ಪಿತು ಅಂದುಕೊಳ್ಳಿ. 25 ಇದ್ದದ್ದು 15 ಆಗಬಹುದು, 35 ಆಗಬಹುದು. ಈ ಕೆಲಸದ ಕಷ್ಟವೆಲ್ಲ ಇಲ್ಲಿದೆ.

ಟವರ್ ಅಂದರೆ ಮರಗಳ ತಲೆಗಿಂತ ಎತ್ತರದ ಕಬ್ಬಿಣದ ಕಂಬ. ನೋಡಲು ಮೊಬೈಲ್ ಟವರ್ ಹಾಗೇ ಇರುತ್ತದೆ. ತುದಿಯಲ್ಲಿ ಎರಡು ಸಾಧನ. ಒಂದು ಗಾಳಿ ಅಳೆಯುವುದು. ತಿರುಗುವ ರೆಕ್ಕೆ ಇರುವಂಥದ್ದಲ್ಲ. ಎದುರುಬದುರು ಮುಖ ಮಾಡಿದ ಬೆರಳಿನಂಥ ಮೂರು ಜೋಡಿ. ಒಂದರಿಂದ ಇನ್ನೊಂದಕ್ಕೆ ನಮಗೆ ಕೇಳದಷ್ಟು ಕೀರಲು ಶಬ್ದ ಹೋಗುತ್ತಿರುತ್ತದೆ. ಗಾಳಿಯ ಜೊತೆ ಹೋದರೆ ಶಬ್ದ ಬೇಗ ತಲುಪುತ್ತದೆ, ಗಾಳಿಗೆ ಎದುರಾದರೆ ತಡ. ಆ ಸಮಯದ ವ್ಯತ್ಯಾಸದಿಂದ ಗಾಳಿ ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೆ ಬರುತ್ತಿದೆಯೋ ತಿಳಿಯುತ್ತದೆ. ಇನ್ನೊಂದು ಸಾಧನ ಅದೇ ಗಾಳಿಯ ಮೂಲಕ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದಷ್ಟೂ ಬೆಳಕು ಕಡಿಮೆಯಾಗುತ್ತದೆ. ಎರಡೂ ಸಾಧನ ಸೆಕೆಂಡಿಗೆ ಹತ್ತು ಇಪ್ಪತ್ತು ಸಲ ಅಳೆಯುತ್ತವೆ. ಸೆಕೆಂಡಿಗೆ ಇಪ್ಪತ್ತು ಅಂದರೆ ಅರ್ಧ ಗಂಟೆಗೆ 36,000 ಅಳತೆ.

ಯಾಕೆ ಅಷ್ಟು? ಕಾಡಿನ ಮೇಲೆ ಗಾಳಿ ನೆಟ್ಟಗೆ ಹರಿಯುವುದಿಲ್ಲ. ಸಣ್ಣ ದೊಡ್ಡ ಸುಳಿಗಳಾಗಿ ಉರುಳಿಕೊಂಡು ಹೋಗುತ್ತದೆ. ಸುಳಿಯ ಒಂದು ಬದಿ ಮೇಲೇರುತ್ತದೆ, ಇನ್ನೊಂದು ಇಳಿಯುತ್ತದೆ. ಮಾರಿಕಾಂಬಾ ಜಾತ್ರೆಯ ದಿನ ಒಳಗೆ ಎಷ್ಟು ಜನ ಇದ್ದಾರೆ ಅಂತ ತಲೆ ಎಣಿಸಲು ಆಗುವುದಿಲ್ಲ, ಅಲ್ವಾ? ಬಾಗಿಲಲ್ಲಿ ನಿಂತು ಒಳಗೆ ಹೋದವರನ್ನು, ಹೊರಗೆ ಬಂದವರನ್ನು ಎಣಿಸಬಹುದು. ಟವರ್ ಮಾಡುವುದು ಅದನ್ನೇ. ಮೇಲೇರುವ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ, ಇಳಿಯುವ ಗಾಳಿಯಲ್ಲಿ ಜಾಸ್ತಿ ಇದ್ದರೆ ಕಾಡು ಹೀರುತ್ತಿದೆ. ತಿರುಗುಮುರುಗಾದರೆ ಬಿಡುತ್ತಿದೆ. ಈ ವಿಧಾನಕ್ಕೆ ಎಡ್ಡಿ ಕೋವೇರಿಯನ್ಸ್ ಅಂತ ಹೆಸರು.

ಅಮೆರಿಕದ ಹಾರ್ವರ್ಡ್ ಫಾರೆಸ್ಟ್ ಅನ್ನುವ ಕಾಡಿನಲ್ಲಿ 1990ರ ದಶಕದ ಶುರುವಿನಿಂದ ಇಂಥ ಟವರ್ ಬಿಡದೆ ಅಳೆಯುತ್ತಿದೆ. ಈಗ ಜಗತ್ತಿನಲ್ಲಿ ನೂರಾರು ಇವೆ. ಅವುಗಳ ಲೆಕ್ಕವನ್ನು ಒಂದೇ ರೀತಿಯಲ್ಲಿ ಜೋಡಿಸುವ ಜಾಲಕ್ಕೆ ಫ್ಲಕ್ಸ್‌ನೆಟ್ ಅನ್ನುತ್ತಾರೆ. ನಮ್ಮಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಅಸ್ಸಾಮಿನ ಕಾಜಿರಂಗಾದಲ್ಲಿ, ತಮಿಳುನಾಡಿನ ಪಿಚಾವರಂ ಕಾಂಡ್ಲಾ ಕಾಡಿನಲ್ಲಿ ಅಳೆದಿದ್ದಾರೆ.

ಈಗ ರಾತ್ರಿಯ ಮಾತು. ನಮ್ಮ ಊರುಗಳಿಗೆ ಇದೇ ಮುಖ್ಯ.

ನಮ್ಮ ಮನೆ ತೋಟಕ್ಕಿಂತ ಎತ್ತರದಲ್ಲಿದೆ. ಹಿಂದೆ ಬೆಟ್ಟ, ಮುಂದೆ ಇಳಿಜಾರು, ಅದರ ಬುಡದಲ್ಲಿ ಅಡಿಕೆ ತೋಟ. ಡಿಸೆಂಬರ್ ಸಂಜೆ ಬಚ್ಚಲ ಒಲೆಗೆ ಬೆಂಕಿ ಹಾಕಿದಾಗ ಹೊಗೆ ಮೊದಲು ಹಂಚಿನ ಸಂದಿಯಿಂದ ನೆಟ್ಟಗೆ ಏಳುತ್ತದೆ. ಹೊತ್ತು ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ಅದರ ದಾರಿ ಬದಲಾಗುತ್ತದೆ. ಮಾಡಿನ ಎತ್ತರದಲ್ಲೇ ಬಾಗುತ್ತದೆ. ಅಂಗಳ ದಾಟಿ, ಧರೆ ಇಳಿದು, ತೋಟದ ಮೇಲೆ ಹೋಗಿ ಹಾಸಿಕೊಳ್ಳುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಅದೇ ಜಾಗದಲ್ಲಿ ಮಂಜು ಕೂತಿರುತ್ತದೆ. ಅಡಿಕೆ ಮರದ ಸೋಗೆ ಮಾತ್ರ ಮೇಲೆ ಕಾಣುತ್ತದೆ. ಹತ್ತಿರದ ದಿಣ್ಣೆಯಲ್ಲಿ ಮಾತ್ರ ಚೂರೂ ಮಂಜಿಲ್ಲ.

ರಾತ್ರಿ ನೆಲ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಭಾರದ ಗಾಳಿ ನೀರಿನ ಹಾಗೆ ಇಳಿಜಾರು ಹುಡುಕಿ ಹರಿಯುತ್ತದೆ. ಮರಗಳು ಬಿಟ್ಟ ಉಸಿರು, ಮಣ್ಣು ಬಿಟ್ಟ ಉಸಿರು, ದರಕು ಕೊಳೆತು ಬಂದದ್ದು, ಎಲ್ಲವೂ ಆ ಗಾಳಿಯ ಜೊತೆ ಕೆಳಗೆ ಹೋಗುತ್ತದೆ. ದಿಣ್ಣೆಯ ಮೇಲೆ ಟವರ್ ಇದ್ದರೆ ಅದಕ್ಕೆ ಇದು ಕಾಣುವುದೇ ಇಲ್ಲ. ಜಾತ್ರೆ ಬಾಗಿಲಲ್ಲಿ ನಾವು ಎಣಿಸುತ್ತಾ ನಿಂತಿದ್ದರೆ ಜನ ಹಿಂಬದಿಯ ಬೇಲಿ ದಾಟಿ ಹೋದ ಹಾಗೆ. ಹಗಲು ಹೀರಿದ್ದು ಪೂರ್ತಿ ದಾಖಲಾಗುತ್ತದೆ, ರಾತ್ರಿ ಬಿಟ್ಟದ್ದು ಅರ್ಧ ತಪ್ಪಿಹೋಗುತ್ತದೆ. ಆಗ ಯಾವ ಕಾಡಾದರೂ ಇರುವುದಕ್ಕಿಂತ ಜಾಸ್ತಿ ಹೀರಿದ ಹಾಗೆ ಕಾಣುತ್ತದೆ.

ವಿಜ್ಞಾನಿಗಳಿಗೆ ಇದು ಗೊತ್ತಿಲ್ಲದ್ದಲ್ಲ. ಗಾಳಿಯಲ್ಲಿ ಸಾಕಷ್ಟು ಕಲಕಾಟ ಇಲ್ಲದ ರಾತ್ರಿಗಳ ಅಳತೆಯನ್ನು ಅವರು ತೆಗೆದುಹಾಕುತ್ತಾರೆ. ಮಣ್ಣು ಅಷ್ಟೇ ಬೆಚ್ಚಗಿದ್ದ, ಆದರೆ ಗಾಳಿ ಬೀಸಿದ ರಾತ್ರಿಗಳನ್ನು ನೋಡಿ ಆ ಜಾಗ ತುಂಬುತ್ತಾರೆ. ಮರಗಳ ನಡುವೆ ಬೇರೆ ಬೇರೆ ಎತ್ತರದಲ್ಲಿ ಕೊಳವೆ ಇಟ್ಟು, ರಾತ್ರಿ ಒಳಗೇ ನಿಂತ ಗಾಳಿಯಲ್ಲಿ ಎಷ್ಟು ಕೂಡಿತು ಅಂತಲೂ ಅಳೆಯುತ್ತಾರೆ. ಬಿಸಿಲೇರಿ ಗಾಳಿ ಕಲಕಿದಾಗ ಆ ಕೂಡಿದ್ದು ಒಮ್ಮೆಲೇ ಮೇಲೆ ಬರುತ್ತದೆ. ಆದರೂ ಇಳಿಜಾರಿನಲ್ಲಿ ಹರಿದುಹೋದದ್ದನ್ನು ಹಿಡಿಯುವುದು ಕಷ್ಟ. ಹಾಗಾಗಿ ಒಂದು ಕಾಡು ಇಷ್ಟು ಟನ್ ಹೀರಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ರಾತ್ರಿಯ ಲೆಕ್ಕ ಹೇಗೆ ಹಿಡಿದಿರಿ ಅಂತ. ಎರಡನೇ ಪ್ರಶ್ನೆ, ಹೇಳಿದ್ದು ಕಾರ್ಬನ್ ತೂಕವಾ, ಕಾರ್ಬನ್ ಡೈಆಕ್ಸೈಡ್ ತೂಕವಾ? ಒಂದು ಟನ್ ಕಾರ್ಬನ್ ಅಂದರೆ ಸುಮಾರು 3.67 ಟನ್ ಕಾರ್ಬನ್ ಡೈಆಕ್ಸೈಡ್. ಇದನ್ನು ಬಿಡಿಸಿ ಹೇಳದಿದ್ದರೆ ಸಣ್ಣ ಸಂಖ್ಯೆ ಸುಮ್ನೆ ದೊಡ್ಡದಾಗಿ ಕಾಣುತ್ತದೆ.

ಮಳೆಗಾಲದ ತೊಂದರೆ ಬೇರೆಯೇ. ನಮ್ಮಲ್ಲಿ ಬೀಳುವುದು ಎರಡು ಮೀಟರಿಗಿಂತ ಜಾಸ್ತಿ ಮಳೆ. ಸಾಧನದ ಗಾಜಿನ ಮೇಲೆ ಹನಿ ಕೂತರೆ ಬೆಳಕಿನ ಅಳತೆ ಕೆಡುತ್ತದೆ. ಜುಲೈಯಲ್ಲಿ ದಿನಗಟ್ಟಲೆ ಲೆಕ್ಕ ಖಾಲಿ ಬೀಳುತ್ತದೆ. ಮಳೆಗಾಲದಲ್ಲಿ ಎಲ್ಲ ಹಸಿರಾಗಿರುತ್ತದೆ, ಆಗಲೇ ಕಾಡು ಜಾಸ್ತಿ ಹೀರಬೇಕು ಅಂತ ನಮಗೆ ಅನ್ನಿಸುತ್ತದೆ. ಕಾಜಿರಂಗಾದಲ್ಲಿ ಕಂಡದ್ದು ಹಾಗಲ್ಲ. ಅಲ್ಲಿ ಹೀರಿಕೆ ಜೋರಾಗಿದ್ದದ್ದು ಮಳೆಗಾಲಕ್ಕೆ ಮೊದಲು. ಮಳೆಗಾಲದಲ್ಲಿ ಮೋಡ ಬಿಸಿಲನ್ನು ತಡೆಯಿತು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ನಮ್ಮ ಘಟ್ಟದ ಕಾಡಿಗೂ ಇದು ಕೇಳಬೇಕಾದ ಪ್ರಶ್ನೆ.

ಮೊದಲ ಮಳೆಯಲ್ಲಿ ಇನ್ನೊಂದು ಸಂಗತಿ ಇದೆ. ಬೇಸಿಗೆಯಿಡೀ ಒಣಗಿದ ಮಣ್ಣಿಗೆ ನೀರು ಬಿದ್ದ ಕೂಡಲೇ ಅದರೊಳಗಿನ ಸೂಕ್ಷ್ಮಜೀವಿಗಳು ಎದ್ದು ಕೆಲಸ ಶುರುಮಾಡುತ್ತವೆ. ಒಂದೆರಡು ದಿನ ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಭರ್ರನೆ ಬರುತ್ತದೆ. ಇದನ್ನು ಬರ್ಚ್ ಪರಿಣಾಮ ಅನ್ನುತ್ತಾರೆ. ಇದನ್ನು ಹತ್ತಿರದಿಂದ ಹಿಡಿಯಲು ಟವರ್‌ಗಿಂತ ಡಬ್ಬಿ ಒಳ್ಳೆಯದು. ಪೈಪಿನ ಬಳೆಯೊಂದನ್ನು ಮೊದಲೇ ಮಣ್ಣಿಗೆ ಒತ್ತಿಟ್ಟಿರುತ್ತಾರೆ. ಅಳೆಯುವಾಗ ಅದರ ಮೇಲೆ ಡಬ್ಬಿ ಮುಚ್ಚಿ, ಒಳಗಿನ ಗಾಳಿಯಲ್ಲಿ ಅನಿಲ ಎಷ್ಟು ಬೇಗ ಏರುತ್ತದೆ ಅಂತ ಎರಡು ಮೂರು ನಿಮಿಷ ನೋಡುತ್ತಾರೆ. ಆ ಡಬ್ಬಿ ಹೇಳುವುದು ಅಂಗೈಯಗಲ ಜಾಗದ ಕಥೆ. ಮರಗಳ ತಲೆಯಿಂದ ಹತ್ತು ಮೀಟರ್ ಮೇಲಿರುವ ಟವರ್ ಹೇಳುವುದು ಗಾಳಿ ಬರುವ ದಿಕ್ಕಿನಲ್ಲಿ ಸುಮಾರು ಒಂದು ಕಿಲೋಮೀಟರಿನ ಕಥೆ. ಎರಡೂ ಬೇಕು.

ಘಟ್ಟ ಇಳಿದರೆ ಲೆಕ್ಕಕ್ಕೆ ಮೀಥೇನ್ ಸೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ನೀರು ನಿಂತು ಗಾಳಿಯಾಡದ ಕೆಸರಿನಲ್ಲಿ ಹುಟ್ಟುತ್ತದೆ. ಆದರೆ ಸಮುದ್ರದ ನೀರಿನಲ್ಲಿ ಸಲ್ಫೇಟ್ ಜಾಸ್ತಿ. ಅದನ್ನು ಬಳಸುವ ಬ್ಯಾಕ್ಟೀರಿಯಾಗಳು ಮೀಥೇನ್ ಮಾಡುವ ಜೀವಿಗಳ ಊಟ ಕಸಿದುಕೊಳ್ಳುತ್ತವೆ. ಹಾಗಾಗಿ ಉಪ್ಪು ಕೆಸರಿನಲ್ಲಿ ಮೀಥೇನ್ ಕಡಿಮೆ, ಸಿಹಿನೀರಿನ ಕೆಸರಿನಲ್ಲಿ ಜಾಸ್ತಿ. 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಇವೆರಡೂ ಒಂದೇ ಜಾಗದಲ್ಲಿವೆ. ಮಳೆಗಾಲದಲ್ಲಿ ಹೊಳೆ ಸಿಹಿನೀರು ತರುತ್ತದೆ, ಅಳಿವೆ ಬದಿಯ ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ನಿಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲೇ ಉಪ್ಪುನೀರು. ಒಂದೇ ಗದ್ದೆಯನ್ನು ಜುಲೈಯಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಅಳೆದರೆ ಉತ್ತರ ಬೇರೆ ಬರಲು ಕಾರಣವಿದೆ. ಇನ್ನು ಕಾಂಡ್ಲಾ ಕಾಡಿನಿಂದ ಸ್ವಲ್ಪ ಕಾರ್ಬನ್ ಇಳಿತದ ನೀರಿನಲ್ಲಿ ಕರಗಿ ಸಮುದ್ರಕ್ಕೆ ಹೋಗುತ್ತದೆ. ಟವರ್ ನೋಡುವುದು ಗಾಳಿಯನ್ನು, ಹಾಗಾಗಿ ಇದು ಅದಕ್ಕೆ ಸಿಗುವುದಿಲ್ಲ.

ಕಾರವಾರದ ಗಡಿ ದಾಟಿದರೆ ಗೋವಾದ ಕಾಣಕೋಣ ತಾಲೂಕಿನಲ್ಲಿ ಕಾಬೊ ದ ರಾಮ ಅನ್ನುವ ಭೂಶಿರ ಇದೆ. 1993ರಿಂದ ಅಲ್ಲಿ ಗಾಜಿನ ಶೀಸೆಗಳಲ್ಲಿ ಗಾಳಿ ತುಂಬಿ ಆಸ್ಟ್ರೇಲಿಯಾದ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ಸಿಗುವುದು ಕಡಲ ಗಾಳಿ, ಚಳಿಗಾಲದಲ್ಲಿ ದೇಶದೊಳಗಿನಿಂದ ಬಂದ ಗಾಳಿ. ಅದು ಒಂದು ಕಾಡಿನ ಲೆಕ್ಕವಲ್ಲ, ಇಡೀ ಪ್ರದೇಶದ್ದು. ನಮ್ಮ ಕರಾವಳಿಯ ಪಕ್ಕದಲ್ಲೇ ಇಂಥ ಕೆಲಸ ನಡೆದದ್ದು ನಮ್ಮಲ್ಲೇ ತುಂಬ ಜನರಿಗೆ ತಿಳಿದಿಲ್ಲ ಅನ್ನುವುದು ನನಗೆ ಬೇಸರ.

ಇನ್ನು ನಿಮ್ಮ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅನ್ನುವ ಲೆಕ್ಕ ನಮಗೆಲ್ಲ ಗೊತ್ತು. ಆ ಬೆಟ್ಟದ ಮೇಲೆ ಟವರ್ ನಿಲ್ಲಿಸಿದರೆ ಅದು ಚೆನ್ನಾಗಿ ಹೀರುತ್ತಿದೆ ಅಂತಲೇ ತೋರಿಸಬಹುದು. ಸೊಪ್ಪು ಕಡಿದ ಮೇಲೆ ಹೊಸ ಚಿಗುರು ಬರುತ್ತದೆ. ಉದುರಿದ ದರಕು ಅಲ್ಲಿ ಕೊಳೆಯುವುದಿಲ್ಲ, ಯಾಕೆಂದರೆ ನಾವು ಗುಡಿಸಿ ತಂದಿದ್ದೇವೆ. ಆ ದರಕು ಕೊಟ್ಟಿಗೆಗೆ ಹಾಸಿಗೆಯಾಗಿ, ಸಗಣಿ ಜೊತೆ ಗೊಬ್ಬರ ಗುಂಡಿಗೆ ಹೋಗಿ, ಆಮೇಲೆ ತೋಟಕ್ಕೆ ಬಿದ್ದು ಅಲ್ಲಿ ಕೊಳೆಯುತ್ತದೆ. ಬೆಟ್ಟ ಹೀರಿದ್ದನ್ನು ತೋಟ ಬಿಡುತ್ತದೆ. ಬೆಟ್ಟವನ್ನು ಮಾತ್ರ ಅಳೆದು ಹೊಗಳುವುದೂ ತಪ್ಪು, ತೋಟವನ್ನು ಮಾತ್ರ ಅಳೆದು ದೂರುವುದೂ ತಪ್ಪು. ಬೆಟ್ಟ, ಕೊಟ್ಟಿಗೆ, ಗೊಬ್ಬರ ಗುಂಡಿ, ತೋಟ ಸೇರಿ ಒಂದೇ ಲೆಕ್ಕ. ತಲೆ ಮೇಲೆ ಹೊತ್ತು ತಂದ ದರಕಿನ ಹೊರೆಯನ್ನು ತಕ್ಕಡಿಯಲ್ಲಿ ತೂಗದೆ ಈ ಲೆಕ್ಕ ಮುಗಿಯುವುದಿಲ್ಲ.

ನೀವೇ ಮಾಡಬಹುದಾದದ್ದು ಟೇಪಿನ ಕೆಲಸ. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಮರದ ಸುತ್ತಳತೆ ಹಿಡಿಯಬೇಕು. ಬಣ್ಣದ ಗೆರೆ ಎಳೆದಿಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಗೆರೆಯಲ್ಲಿ ಮತ್ತೆ ಹಿಡಿಯಿರಿ. ಮಳೆಗಾಲದಲ್ಲಿ ತೊಗಟೆ ನೀರು ಕುಡಿದು ಉಬ್ಬಿರುತ್ತದೆ, ಆಗ ಬೇಡ. ಮರದ ಜಾತಿ, ಸುತ್ತಳತೆ, ಎತ್ತರ ಗೊತ್ತಿದ್ದರೆ ಒಣ ತೂಕ ಅಂದಾಜು ಮಾಡಬಹುದು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕಾರ್ಬನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1984ರಲ್ಲೇ ನಮ್ಮ ಜಿಲ್ಲೆಯಲ್ಲಿ ಒಂದೊಂದು ಹೆಕ್ಟೇರ್ ಕಾಡು ಗುರುತಿಸಿ ಹೀಗೆ ಮರ ಮರ ಅಳೆಯಲು ಶುರುಮಾಡಿದರು. ಟೇಪು ಮಣ್ಣಿನೊಳಗಿನದನ್ನು ಹೇಳುವುದಿಲ್ಲ, ಈ ವಾರ ಏನಾಯಿತು ಅಂತಲೂ ಹೇಳುವುದಿಲ್ಲ. ಆದರೆ ಇಳಿಜಾರಿನಲ್ಲಿ ರಾತ್ರಿ ಹರಿದುಹೋಗುವ ಗಾಳಿ ಅದನ್ನು ತಪ್ಪಿಸಲಾರದು.

ಈ ಜಿಲ್ಲೆಯಲ್ಲಿ ಟವರ್ ಎಲ್ಲಿ ನಿಲ್ಲಿಸಬೇಕು ಅಂತ ನನ್ನನ್ನು ಕೇಳಿದರೆ ನಾನು ಶಿರಸಿಯ ಕಣಿವೆಗಳನ್ನು ಹೇಳುವುದಿಲ್ಲ. ಮುಂಡಗೋಡು, ಹಳಿಯಾಳ ಕಡೆ ನೆಲ ಅಷ್ಟು ಏರಿಳಿತವಿಲ್ಲ, ಎಲೆ ಉದುರಿಸುವ ಕಾಡು ಇದೆ. ಮೊದಲನೆಯದು ಅಲ್ಲಿ. ಎರಡನೆಯದು ಕುಮಟಾದ ಗಜನಿ ಬಯಲಿನಲ್ಲಿ, ಮೀಥೇನ್ ಅಳೆಯುವ ಸಾಧನವನ್ನೂ ಸೇರಿಸಿ. ಸೊಪ್ಪಿನ ಬೆಟ್ಟಕ್ಕೆ ಟೇಪು, ಮಣ್ಣಿಗೆ ಡಬ್ಬಿ, ದರಕಿಗೆ ತಕ್ಕಡಿ ಸಾಕು. ಅದನ್ನು ನಿಮ್ಮ ಊರಿನ ಹೈಸ್ಕೂಲು ಮಕ್ಕಳೂ ನಿಮ್ಮ ಜೊತೆ ನಿಂತು ಮಾಡಬಹುದು. ಟೇಪು ಹಿಡಿಯಲು ಜನವರಿ ಒಳ್ಳೆಯ ತಿಂಗಳು.